ಪದಚರ್ಚೆ: ಹಿಟ್ಟೈಟರ ಕೈಕೆಳಗಿನ ರಾಜರಿಗೆ ‘ಸಾಮಂತ’ ಸರಿಯೇ? (ತುರ್ತು)

ಶಿವಮೊಗ್ಗದಿಂದ:

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ನಾಳೆ ಸಂಜೆಯೊಳಗೆ ಬೇಕು. ನಮ್ಮ ಕಾಲೇಜಿನ ಇತಿಹಾಸ ವಿಭಾಗದವರು ಪ್ರಾಚೀನ ಪಶ್ಚಿಮ ಏಷ್ಯಾದ ಬಗ್ಗೆ ಒಂದು ಪ್ರದರ್ಶನ ಮಾಡುತ್ತಿದ್ದಾರೆ. ಫಲಕಗಳ ಕನ್ನಡ ನನ್ನ ತಲೆಗೆ ಬಿದ್ದಿದೆ. ಈಜಿಪ್ಟ್, ಬ್ಯಾಬಿಲೋನ್ ಸಲೀಸಾಗಿ ಮುಗಿದವು. ಈಗಿನ ಟರ್ಕಿಯ ಅನಾತೋಲಿಯಾದಲ್ಲಿ ಹತ್ತುಸ ರಾಜಧಾನಿ ಮಾಡಿಕೊಂಡು ಆಳಿದ ಹಿಟ್ಟೈಟರ ಫಲಕದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಇಂಗ್ಲಿಷ್ ಮೂಲದಲ್ಲಿ ‘ವ್ಯಾಸಲ್ ಕಿಂಗ್’ (ಕೈಕೆಳಗಿನ ರಾಜ), ‘ವ್ಯಾಸಲ್ ಟ್ರೀಟಿ’ (ಅವನ ಜೊತೆಗಿನ ಒಪ್ಪಂದ) ಅಂತ ಸಾಲು ಸಾಲಿಗೂ ಬರುತ್ತದೆ. ಸದ್ಯಕ್ಕೆ ನಾನು ಬರೆದಿರುವುದು ಇಷ್ಟು:

“ಹಿಟ್ಟೈಟ್ ಮಹಾರಾಜನು ಹತ್ತುಸದಲ್ಲಿ ಕುಳಿತು ಅಮುರ್ರು, ಉಗಾರಿತ್, ವಿಲುಸ ಮೊದಲಾದ ಸಾಮಂತ ರಾಜ್ಯಗಳನ್ನು ಒಪ್ಪಂದಗಳ ಮೂಲಕ ಆಳುತ್ತಿದ್ದನು. ಸಾಮಂತರು ಪ್ರತಿ ವರ್ಷ ಕಪ್ಪ ಕೊಡಬೇಕಿತ್ತು. ಕಾರ್ಕೆಮಿಶ್‌ನಲ್ಲಿ ಅವನ ವೈಸ್‌ರಾಯ್ ಇದ್ದನು.”

ನನ್ನ ಅನುಮಾನಗಳು: ಸಾಮಂತ ಸರಿಯೋ, ಮಾಂಡಲಿಕ ಸರಿಯೋ? ‘ವೈಸ್‌ರಾಯ್’ ಅಂದ ಕೂಡಲೇ ಲಾರ್ಡ್ ಕರ್ಜನ್ ಕಣ್ಣಮುಂದೆ ಬರುತ್ತಾನೆ, ಅದಕ್ಕೆ ಬೇರೆ ಏನು? ಹಿಟ್ಟೈಟ್ ಅನ್ನಬೇಕೋ ಹಿತ್ತಿ ಅನ್ನಬೇಕೋ? ಫಲಕದಲ್ಲಿ ಜಾಗ ಕಡಿಮೆ, ಉದ್ದ ವಿವರಣೆ ಹಾಕೋಕೆ ಆಗಲ್ಲ. ದಯವಿಟ್ಟು ಬೇಗ ಹೇಳಿ.

ಮೈಸೂರಿನಿಂದ:

ಸಾಮಂತ. ಇದರಲ್ಲಿ ಚರ್ಚೆ ಮಾಡೋದು ಏನಿದೆ? ಶಾಲೆಯ ಪಠ್ಯದಲ್ಲಿ ಸಾಮಂತ ಅಂತಲೇ ಓದಿದ್ದೇವೆ. ಮಾಂಡಲಿಕ ಅಂದರೂ ನಡೆಯುತ್ತದೆ. ವೈಸ್‌ರಾಯ್‌ಗೆ ರಾಜಪ್ರತಿನಿಧಿ. ಮುಗಿಯಿತು.

ಧಾರವಾಡದಿಂದ:

ಮುಗಿಯಲಿಲ್ಲ. ಸಾಮಂತ ಅಂದರೆ ಮೊದಲ ಅರ್ಥ ನೆರೆಯವನು, ಗಡಿಗೆ ಹತ್ತಿಕೊಂಡಿರುವವನು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸಾಮಂತ ಪಕ್ಕದ ರಾಜ, ಕೈಕೆಳಗಿನವನಲ್ಲ. ಎಷ್ಟೋ ಕಾಲ ಆದಮೇಲೆ ಆ ಪದ ಸೋತ ನೆರೆಯವನಿಗೆ ಅಂಟಿಕೊಂಡಿತು. ಹಾಗೆ ಅರ್ಥ ಜಾರಿಹೋದ ಒಂದು ಸಂಸ್ಕೃತ ಪದವನ್ನು ತಂದು ಮೂರು ಸಾವಿರ ವರ್ಷದ ಹಿಂದಿನ ಅನಾತೋಲಿಯಾಕ್ಕೆ ಯಾಕೆ ಹಚ್ಚಬೇಕು? ಕನ್ನಡದಲ್ಲಿ ಪದವೇ ಇಲ್ಲವೇ? ‘ಅಡಿಯರಸ’ ಅನ್ನಿ. ಇಲ್ಲವೇ ‘ಆಳರಸ’ ಅನ್ನಿ. ನಮ್ಮ ನುಡಿಯಲ್ಲಿ ಆಳು ಅಂದರೆ ಸೇವಕನೂ ಹೌದು, ಆಳುವುದೂ ಹೌದು. ಒಂದೇ ಬೇರಿನಿಂದ ಎರಡೂ ಬಂದಿವೆ. ತನ್ನ ನಾಡನ್ನು ಆಳುವವನು, ದೊಡ್ಡ ಅರಸನಿಗೆ ಆಳು. ನಿಮಗೆ ಬೇಕಾದ ಎರಡು ಮುಖವೂ ಆ ಒಂದೇ ಪದದಲ್ಲಿ ಕೂತಿದೆ. ಇದಕ್ಕಿಂತ ಚಂದದ ಪದ ಯಾವ ನುಡಿಯಲ್ಲಿ ಸಿಗುತ್ತದೆ ಹೇಳಿ!

ಮೈಸೂರಿನಿಂದ:

ಒಂದೇ ಬೇರು ಅಂತ ಯಾರು ಹೇಳಿದರು? ತೆಲುಗಿನಲ್ಲಿ ಆಳುವುದಕ್ಕೆ ‘ಏಲು’ ಅಂತಾರೆ. ನಮ್ಮ ಕ್ರಿಯಾಪದದ ಆ-ಕಾರಕ್ಕೆ ಅಲ್ಲಿ ಏ-ಕಾರ ಇದ್ದರೆ ಮೂಲದಲ್ಲಿ ಯಾ-ಕಾರ ಇದ್ದಿರಬೇಕು. ‘ಆಳು’ ನಾಮಪದಕ್ಕೆ ಆ ದಾರಿ ಇಲ್ಲ. ಈಗ ಒಂದೇ ಥರ ಕೇಳಿಸುತ್ತವೆ, ಅಷ್ಟೇ. ಇನ್ನು ‘ಅರಸ’ ಅನ್ನೋದೇ ಸಂಸ್ಕೃತದ ರಾಜನಿಂದ ಬಂದದ್ದು ಅಂತ ಅನೇಕ ವಿದ್ವಾಂಸರ ವಾದ. ಅಲ್ಲಿಗೆ ನಿಮ್ಮ ಅಚ್ಚಗನ್ನಡದ ಅರ್ಧ ಹೋಯಿತು. ಉಳಿದದ್ದು ಅಡಿ. ‘ಅಡಿಯರಸ’ ಅಂತ ಫಲಕದಲ್ಲಿ ಹಾಕಿದರೆ ಮಕ್ಕಳು ಎಷ್ಟಡಿ ಅರಸ ಅಂತ ಕೇಳುತ್ತಾರೆ.

ಧಾರವಾಡದಿಂದ:

ಅರಸ ಸಂಸ್ಕೃತದಿಂದ ಬಂದಿದೆ ಅನ್ನೋದು ಇನ್ನೂ ತೀರ್ಮಾನ ಆಗದ ವಿಷಯ. ನಿಮಗೆ ಬೇಕಾದಾಗ ‘ಅನೇಕ ವಿದ್ವಾಂಸರು’, ಬೇಡದಾಗ ನಿಘಂಟು. ನಗೆಯಾಡಿದರೆ ಉತ್ತರ ಆಗುವುದಿಲ್ಲ.

ಮಂಗಳೂರಿನಿಂದ:

ಕೇಳಿದವರಿಗೆ ಉಪಯೋಗ ಆಗುವುದನ್ನು ಹೇಳುತ್ತೇನೆ. ಕನ್ನಡ ಬೈಬಲಿನಲ್ಲಿ ‘ಹಿತ್ತಿಯರು’ ಅಂತಲೇ ಇದೆ. ಹಿತ್ತಿಯನಾದ ಊರೀಯ, ದಾವೀದ, ಬತ್ಷೆಬೆ, ಆ ಕಥೆ ಎಷ್ಟೋ ಜನರಿಗೆ ಗೊತ್ತು. ಹಾಗಾಗಿ ಕನ್ನಡಕ್ಕೆ ಈ ಹೆಸರು ಹೊಸದೇನೂ ಅಲ್ಲ. ಆದರೆ ಇತಿಹಾಸ ಪುಸ್ತಕಗಳಲ್ಲಿ ಹಿಟ್ಟೈಟ್ ಜಾಸ್ತಿ. ಅವರು ತಮ್ಮ ದೇಶವನ್ನು ಹತ್ತಿ ಅಂತ ಕರೆದುಕೊಳ್ಳುತ್ತಿದ್ದರು. ಅದನ್ನು ಮಾತ್ರ ಹಾಗೇ ಬರೆಯಬೇಡಿ. ‘ಹತ್ತಿ ದೇಶದ ರಾಜ’ ಅಂದರೆ ನಮ್ಮ ಹಾವೇರಿ ಕಡೆಯ ದೊಡ್ಡ ರೈತ ಅಂದುಕೊಳ್ಳುತ್ತಾರೆ.

ಇನ್ನೊಂದು ಮಾತು. ಯುರೋಪಿನ ಫ್ಯೂಡಲ್ ಪದ್ಧತಿಗೆ ಕನ್ನಡದಲ್ಲಿ ಊಳಿಗಮಾನ್ಯ ಪದ್ಧತಿ ಅನ್ನುತ್ತೇವೆ. ವ್ಯಾಸಲ್ ಕೂಡ ಅಲ್ಲಿಂದಲೇ ಬಂದ ಪದ. ಹಾಗಿದ್ದರೆ ‘ಊಳಿಗದ ರಾಜ’ ಯಾಕಾಗಬಾರದು?

ಮೈಸೂರಿನಿಂದ:

ಊಳಿಗಮಾನ್ಯ ಅರಿಸಮಾಸ. ಒಂದು ತಪ್ಪಿನ ಮೇಲೆ ಇನ್ನೊಂದು ಕಟ್ಟಬೇಡಿ.

ಕಲಬುರಗಿಯಿಂದ:

ಸ್ವಲ್ಪ ಉದ್ದ ಆಗುತ್ತೆ, ತಡಕೊಳ್ಳಿ. ಇಲ್ಲಿ ಎಲ್ಲರೂ ವ್ಯಾಸಲ್ ಅನ್ನೋ ಇಂಗ್ಲಿಷ್ ಪದದ ಬೆನ್ನು ಹತ್ತಿದ್ದೀರಿ. ಆ ಪದವೇ ಅಲ್ಲಿಗೆ ಹೊರಗಿನದು. ಕೆಲ್ಟಿಕ್ ಭಾಷೆಯಲ್ಲಿ ಸೇವಕ ಅಂತ ಇದ್ದದ್ದು ಲ್ಯಾಟಿನ್, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದು, ಆಮೇಲೆ ವಿದ್ವಾಂಸರು ಅದನ್ನು ಹತ್ತುಸದ ಮಣ್ಣಿನ ಹಲಗೆಗಳ ಮೇಲೆ ಹೇರಿದರು. ಹಿಟ್ಟೈಟ್ ರಾಜನ ಕಚೇರಿಯಲ್ಲಿ ಕೂತ ಲಿಪಿಕಾರ ಏನು ಬರೆಯುತ್ತಿದ್ದ? ಆಗಿನ ರಾಜರ ಪತ್ರವ್ಯವಹಾರದ ಭಾಷೆಯಾದ ಅಕ್ಕಾಡಿಯನ್‌ನಲ್ಲಿ ‘ಅರ್ದು’, ಅಂದರೆ ಆಳು, ಸೇವಕ. ಅಷ್ಟೇ. ಅಮುರ್ರುವಿನ ರಾಜನಾಗಲಿ ಉಗಾರಿತ್‌ನ ರಾಜನಾಗಲಿ ತನ್ನ ಊರಲ್ಲಿ ರಾಜ, ಹತ್ತುಸದ ಮುಂದೆ ಸೇವಕ. ಹಾಗಾಗಿ ಧಾರವಾಡದವರ ವ್ಯುತ್ಪತ್ತಿ ಬಿದ್ದುಹೋದರೂ ಅವರ ಮೂಗು ಸರಿಯಾದ ಕಡೆಗೇ ತಿರುಗಿದೆ.

ಆದರೂ ಫಲಕಕ್ಕೆ ಸಾಮಂತ ಅಂತಲೇ ಹಾಕಿ. ಕಾರಣ, ಓದುಗನಿಗೆ ಗೊತ್ತಿರುವ ಪದ ಅದು. ಶಾಸನಗಳಲ್ಲಿ ‘ತತ್ಪಾದಪದ್ಮೋಪಜೀವಿ’ ಅಂತ ಶುರುವಾಗಿ ಮಹಾಸಾಮಂತ, ಮಹಾಮಂಡಲೇಶ್ವರ ಅಂತ ಬಿರುದು ಹರಿಯುತ್ತದಲ್ಲ, ಯಾರದೋ ಪಾದದ ಕೆಳಗೆ ಬದುಕುವವನು ಅಂತಲೇ ಅದರ ಅರ್ಥ. ನೆರೆಯವನು ಅನ್ನೋ ಹಳೆಯ ಅರ್ಥ 5-6ನೇ ಶತಮಾನದ ಹೊತ್ತಿಗೇ ಹಿಂದೆ ಸರಿದಿತ್ತು. ಮಾಂಡಲಿಕ ಬೇಡ ಅನ್ನುತ್ತೇನೆ. ನಮ್ಮಲ್ಲಿ ಅದು ಬಿರುದಾಗಿಬಿಟ್ಟಿದೆ. ಹೊಯ್ಸಳ ವಿಷ್ಣುವರ್ಧನ ಬಹುಮಟ್ಟಿಗೆ ಸ್ವತಂತ್ರನಾದ ಮೇಲೂ ಮಹಾಮಂಡಲೇಶ್ವರ ಅಂತಲೇ ಹಾಕಿಸಿಕೊಳ್ಳುತ್ತಿದ್ದ. ಹಿಟ್ಟೈಟರ ಹತ್ತಿರ ಇಂಥ ಸಡಿಲ ಇರಲಿಲ್ಲ.

ನನ್ನ ತಕರಾರು ಇರುವುದು ನಿಮ್ಮ ‘ಒಪ್ಪಂದ’ದ ಮೇಲೆ. ಅದರ ಬಗ್ಗೆ ಯಾರೂ ಮಾತೇ ಆಡಲಿಲ್ಲ.

ಒಪ್ಪಂದ ಅಂದರೆ ಇಬ್ಬರೂ ಒಪ್ಪಿದ್ದು, ಅಲ್ವಾ? ಕ್ರಿ.ಪೂ. 1259ರಲ್ಲಿ ಹಿಟ್ಟೈಟ್ ರಾಜ ಮೂರನೇ ಹತ್ತುಸಿಲಿ ಈಜಿಪ್ಟಿನ ಎರಡನೇ ರಾಮ್ಸೆಸ್ ಜೊತೆ ಮಾಡಿಕೊಂಡದ್ದು ಒಪ್ಪಂದ. ಅದರಲ್ಲಿ ಇಬ್ಬರೂ ಸಮ, ಇಬ್ಬರೂ ಅಣ್ಣತಮ್ಮ, ಶತ್ರು ಬಂದರೆ ಇವನು ಅವನಿಗೆ, ಅವನು ಇವನಿಗೆ ದಂಡು ಕಳಿಸಬೇಕು, ಓಡಿಬಂದವರನ್ನು ಎರಡೂ ಕಡೆಯವರು ವಾಪಸ್ ಕೊಡಬೇಕು. ಅದರ ಪ್ರತಿಕೃತಿಯನ್ನೇ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಇಟ್ಟಿರುವುದು. ಅಮುರ್ರುವಿನ ಜೊತೆ ಇದ್ದದ್ದು ಬೇರೆ. ಅಲ್ಲಿ ಮಾತಾಡುವವನು ಒಬ್ಬನೇ. ಹಿಟ್ಟೈಟ್ ರಾಜ ಎರಡನೇ ಮುರ್ಸಿಲಿ ಅಮುರ್ರುವಿನ ರಾಜ ತುಪ್ಪಿ-ತೆಶುಬ್‌ಗೆ ಕೊಟ್ಟ ಹಲಗೆ ಸುಮ್ನೆ ಓದಿ ನೋಡಿ. ಮೊದಲು ಹಳೆಯ ಕಥೆ. ನಿನ್ನ ಅಜ್ಜ ಅಜಿರು ನಮ್ಮ ಅಪ್ಪನ ಕಾಲಿಗೆ ಬಿದ್ದ, ನಿಷ್ಠೆಯಿಂದ ಇದ್ದ. ನಿನ್ನ ಅಪ್ಪನೂ ಹಾಗೇ ಇದ್ದ. ನಿನಗೆ ಕಾಯಿಲೆ ಇದ್ದರೂ ನಾನು ನಿನ್ನನ್ನೇ ನಿಮ್ಮಪ್ಪನ ಜಾಗದಲ್ಲಿ ಕೂರಿಸಿದೆ. ಹೀಗೆ ಋಣವನ್ನೆಲ್ಲ ಎಣಿಸಿ ಹೇಳಿದ ಮೇಲೆ ಷರತ್ತುಗಳು. ಅಜ್ಜ ಕೊಡುತ್ತಿದ್ದ ವರ್ಷಕ್ಕೆ 300 ಶೆಕೆಲ್ (ಆ ಕಾಲದ ತೂಕ) ಶುದ್ಧ ಚಿನ್ನವನ್ನು ನೀನೂ ಕೊಡಬೇಕು. ಬೇರೆಯವರ ಕಡೆ, ಮುಖ್ಯವಾಗಿ ಈಜಿಪ್ಟಿನ ಕಡೆ, ಕಣ್ಣೆತ್ತಿ ನೋಡಬಾರದು. ಯುದ್ಧಕ್ಕೆ ಕರೆದರೆ ರಥ, ಕಾಲಾಳು ಸಮೇತ ಬರಬೇಕು. ಹತ್ತಿ ದೇಶದಿಂದ ಓಡಿಬಂದವನನ್ನು ಹಿಡಿದು ಒಪ್ಪಿಸಬೇಕು. ಅದೇ ನಿನ್ನ ನಾಡಿನವನು ನಮ್ಮ ಕಡೆಗೆ ಓಡಿಬಂದರೆ ಕೊಡುವುದಿಲ್ಲ ಅಂತ ಇಂಥ ಕೆಲವು ಹಲಗೆಗಳಲ್ಲಿ ಮುಲಾಜಿಲ್ಲದೆ ಬರೆದಿದೆ. ಕೊನೆಗೆ ಸಾಲುಗಟ್ಟಿ ದೇವರುಗಳ ಸಾಕ್ಷಿ. ಮಾತು ತಪ್ಪಿದರೆ ನೀನು, ನಿನ್ನ ಹೆಂಡತಿ, ಮಕ್ಕಳು, ಮನೆ, ನಾಡು ಎಲ್ಲ ಹಾಳಾಗಲಿ ಅನ್ನೋ ಶಾಪ.

ಇದನ್ನು ಹಿಟ್ಟೈಟರು ತಮ್ಮ ಭಾಷೆಯಲ್ಲಿ ‘ಇಶ್ಖಿಉಲ್’ ಅನ್ನುತ್ತಿದ್ದರು. ಮೂಲದಲ್ಲಿ ಅದರ ಅರ್ಥ ಕಟ್ಟು, ಬಿಗಿಯುವುದು. ಅಕ್ಕಾಡಿಯನ್ನಿನ ‘ರಿಕಿಲ್ತು’ ಕೂಡ ಕಟ್ಟುವುದರಿಂದಲೇ ಬಂದದ್ದು. ಸ್ವಾರಸ್ಯ ಏನು ಗೊತ್ತಾ? ಅರಮನೆಯ ಕಾವಲುಗಾರರಿಗೆ, ಗಡಿ ಕಾಯುವ ಅಧಿಕಾರಿಗಳಿಗೆ ಬಾಗಿಲು ಯಾವಾಗ ಹಾಕಬೇಕು, ಸೌದೆ ಎಷ್ಟಿರಬೇಕು ಅಂತ ಬರೆದುಕೊಡುತ್ತಿದ್ದ ನಿಯಮಗಳಿಗೂ ಅವರು ಇದೇ ಪದ ಬಳಸುತ್ತಿದ್ದರು. ಅಂದರೆ ವಿಲುಸದ ರಾಜನಿಗೆ ಕೊಟ್ಟದ್ದೂ ಇಶ್ಖಿಉಲ್, ಬಾಗಿಲು ಕಾಯುವವನಿಗೆ ಕೊಟ್ಟದ್ದೂ ಇಶ್ಖಿಉಲ್. ನಮ್ಮಲ್ಲಿ ಕಟ್ಟಳೆ ಅನ್ನೋ ಪದ ಇದೆಯಲ್ಲ, ಕಟ್ಟು ಅನ್ನುವುದರಿಂದಲೇ ಹುಟ್ಟಿದ್ದು. ಇಷ್ಟು ಹತ್ತಿರದ ಪದ ಇಂಗ್ಲಿಷಿಗೂ ಇಲ್ಲ. ಹಾಗಾಗಿ ರಾಮ್ಸೆಸ್ ಜೊತೆಗಿನದು ಒಪ್ಪಂದ, ಸಾಮಂತರಿಗೆ ಕೊಟ್ಟದ್ದು ಕಟ್ಟಳೆ. ನನ್ನ ಸಲಹೆ ಇದೇ. ಉಳಿದದ್ದೆಲ್ಲ ನಿಮ್ಮ ಇಷ್ಟ.

ಕಟ್ಟಳೆ ಜೊತೆಗೆ ಆಣೆಯೂ ಇರುತ್ತಿತ್ತು. ಷರತ್ತು ರಾಜನದು, ಆಣೆ ಸಾಮಂತನದು. ಆಣೆಗೆ ಹಿಟ್ಟೈಟ್ ಪದ ‘ಲಿಂಗಾಯ್’. ದಯವಿಟ್ಟು ಯಾರೂ ಇದನ್ನು ಲಿಂಗಕ್ಕೆ ಗಂಟು ಹಾಕಬೇಡಿ, ಈಗಲೇ ಹೇಳಿಬಿಡುತ್ತೇನೆ. ಆಣೆ ಮಾಡು ಅನ್ನೋ ಅವರದೇ ಧಾತು ಅದು. ಆ ಆಣೆ ತಲೆಯಲ್ಲಿ ಉಳಿಯಲಿ ಅಂತ ವಿಲುಸದ ರಾಜ ಅಲಕ್ಸಂದುವಿಗೆ ಎರಡನೇ ಮುವತಲ್ಲಿ ಅನ್ನೋ ಹಿಟ್ಟೈಟ್ ಮಹಾರಾಜ, ಈ ಹಲಗೆಯನ್ನು ವರ್ಷಕ್ಕೆ ಮೂರು ಸಲ ನಿನ್ನ ಮುಂದೆ ಓದಿಸಿಕೋ ಅಂತ ಬರೆಸಿದ್ದ. ವಿಲುಸ ಅಂದರೆ ಟ್ರಾಯ್ ಅಂತ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಮಕ್ಕಳ ಫಲಕಕ್ಕೆ ಇದು ಒಳ್ಳೆಯ ಸಾಲು, ಬಿಡಬೇಡಿ.

ಕಪ್ಪದ ಬಗ್ಗೆ. ‘ಸಾಮಂತರು ಪ್ರತಿ ವರ್ಷ ಕಪ್ಪ ಕೊಡಬೇಕಿತ್ತು’ ಅಂತ ಎಲ್ಲರಿಗೂ ಸೇರಿಸಿ ಬರೆದಿದ್ದೀರಿ. ಸಿರಿಯಾದ ಕಡೆಯ ಶ್ರೀಮಂತ ಬಂದರು ಉಗಾರಿತ್, ಪಕ್ಕದ ಅಮುರ್ರು, ಇವರಿಂದ ಚಿನ್ನ, ಬಣ್ಣ ಹಾಕಿದ ಉಣ್ಣೆ ಬರುತ್ತಿತ್ತು. ಉಗಾರಿತ್‌ನ ಪಟ್ಟಿಯಲ್ಲಿ ರಾಜನಿಗೆ ಇಷ್ಟು, ರಾಣಿಗೆ ಇಷ್ಟು, ಯುವರಾಜನಿಗೆ ಇಷ್ಟು ಅಂತ ಬೇರೆ ಬೇರೆ ಹೇಳಿದೆ. ಪಶ್ಚಿಮದ ಅರ್ಜಾವ ಕಡೆಯ ರಾಜರ ಕಟ್ಟಳೆಗಳಲ್ಲಿ ಒತ್ತು ದಂಡಿನ ಮೇಲೆ, ಸುದ್ದಿ ತಿಳಿಸುವುದರ ಮೇಲೆ. ದಂಗೆಯ ಗುಸುಗುಸು ಕಿವಿಗೆ ಬಿದ್ದರೂ ಮಹಾರಾಜನಿಗೆ ಹೇಳಿಕಳಿಸಬೇಕು. ಹೇಳದೆ ಕೂತರೆ ಅದೇ ಆಣೆ ಮುರಿದಂತೆ. ಉಗಾರಿತ್ ಇನ್ನೂ ಜಾಣ. ಅಸ್ಸೀರಿಯಾ ಮೇಲಿನ ಯುದ್ಧಕ್ಕೆ ದಂಡು ಕಳಿಸುವ ಬದಲು 50 ಮಿನಾ (ಶೆಕೆಲ್‌ಗಿಂತ ದೊಡ್ಡ ತೂಕ) ಚಿನ್ನ ಕೊಟ್ಟು ತಪ್ಪಿಸಿಕೊಂಡಿತು.

ಬೀಗತನವೂ ಈ ಕಟ್ಟಿನದೇ ಒಂದು ಎಳೆ. ಮುರ್ಸಿಲಿಯ ಅಪ್ಪ ಸುಪ್ಪಿಲುಲಿಯುಮ ತನ್ನ ತಂಗಿಯನ್ನು ಈಶಾನ್ಯದ ಹಯಸ ನಾಡಿನ ಹುಕ್ಕನನಿಗೆ ಕೊಟ್ಟ. ಕೊಟ್ಟ ಮೇಲೆ ಕಟ್ಟಳೆಯಲ್ಲೇ ಬುದ್ಧಿವಾದ: ನಿಮ್ಮ ಕಡೆ ಹೆಂಡತಿಯ ಅಕ್ಕತಂಗಿಯರನ್ನೂ ಕೂಡುವ ರೂಢಿ ಇರಬಹುದು, ಹತ್ತುಸದಲ್ಲಿ ಅದಕ್ಕೆ ಸಾವೇ ಶಿಕ್ಷೆ. ಅರಮನೆಯ ಹೆಂಗಸು ಎದುರು ಬಂದರೆ ದಾರಿ ಬಿಟ್ಟು ದೂರ ಸರಿ. ಹೀಗೆ ಒಬ್ಬಳನ್ನು ಕಣ್ಣೆತ್ತಿ ನೋಡಿದ್ದಕ್ಕೆ ಮರಿಯ ಅನ್ನೋನು ಸತ್ತ ಕಥೆಯನ್ನೂ ಸೇರಿಸಿ ಹೆದರಿಸಿದ್ದಾನೆ. ಇಂಥ ಪತ್ರಕ್ಕೆ ‘ಒಪ್ಪಂದ’ ಅಂತ ಹೆಸರಿಡುವುದು ಹೇಗೆ ಹೇಳಿ. ಮುಂದೆ ಮೂರನೇ ಹತ್ತುಸಿಲಿ ಅಮುರ್ರುವಿನ ಬೆಂತೆಶಿನನಿಗೆ ಮಗಳನ್ನು ಕೊಟ್ಟು, ಅವನ ಮಗಳನ್ನು ತನ್ನ ಮಗನಿಗೆ ತಂದುಕೊಂಡ. ನಮ್ಮ ಕಡೆ ಸಾಟಿ ಮದುವೆ ಅನ್ನೋದು ಇದನ್ನೇ.

ಇನ್ನು ಕಾರ್ಕೆಮಿಶ್. ವೈಸ್‌ರಾಯ್ ಬೇಡ, ರಾಜಪ್ರತಿನಿಧಿಯೂ ಬೇಡ. ಸುಪ್ಪಿಲುಲಿಯುಮ ಆ ಊರು ಗೆದ್ದು ತನ್ನ ಮಗ ಪಿಯಸ್ಸಿಲಿಯನ್ನು ಅಲ್ಲಿ ರಾಜನನ್ನಾಗಿ ಮಾಡಿದ. ಇನ್ನೊಬ್ಬ ಮಗ ತೆಲಿಪಿನುವನ್ನು ಅಲೆಪ್ಪೋದಲ್ಲಿ ಕೂರಿಸಿದ. ಕಾರ್ಕೆಮಿಶ್‌ನಲ್ಲಿ ಆ ಮನೆತನವೇ ಮುಂದುವರಿಯಿತು. ಸಿರಿಯಾದ ಸಾಮಂತರ ಜಗಳ, ಗಡಿ ತಂಟೆ, ಉಗಾರಿತ್ ರಾಜ ಅಮ್ಮಿಶ್ತಮ್ರು ಅಮುರ್ರುವಿನ ಹೆಂಡತಿಯನ್ನು ಬಿಟ್ಟ ಗಲಾಟೆ ಕೂಡ ಕಾರ್ಕೆಮಿಶ್ ಮುಂದೆ, ಹತ್ತುಸದ ಮುಂದೆ ಹೋಗುತ್ತಿತ್ತು. ‘ಮಗನೇ ರಾಜನಾಗಿದ್ದ’ ಅಂತ ನೇರ ಬರೆದರೆ ಪಾರಿಭಾಷಿಕ ಪದವೇ ಬೇಡ. ಚಾಲುಕ್ಯ ರಾಜಕುಮಾರರು ಬನವಾಸಿ, ಗಂಗವಾಡಿ ಆಳುತ್ತಿದ್ದುದನ್ನು ಓದಿದವರಿಗೆ ತಾನಾಗಿ ತಿಳಿಯುತ್ತದೆ.

ಧಾರವಾಡದಿಂದ:

ಕಟ್ಟಳೆ! ಇದನ್ನೇ ನಾನು ಹೇಳುತ್ತಿದ್ದದ್ದು. ಹುಡುಕಿದರೆ ನಮ್ಮಲ್ಲೇ ಇರುತ್ತದೆ. ಸಂಸ್ಕೃತದ ಗಂಟು ಬಿಚ್ಚಿದರೆ ಕನ್ನಡ ಉಸಿರಾಡುತ್ತದೆ. ಹಾಗಿದ್ದಮೇಲೆ ಸಾಮಂತನನ್ನು ಮಾತ್ರ ಯಾಕೆ ಉಳಿಸಿಕೊಂಡಿರಿ? ‘ಕಟ್ಟರಸ’ ಅನ್ನಿ. ಕಟ್ಟಿಗೆ ಒಳಗಾದ ಅರಸ.

ಮೈಸೂರಿನಿಂದ:

ಕಟ್ಟರಸ ಅಂದರೆ ಕಟ್ಟಾ ಅರಸ ಅಂತ ಓದುತ್ತಾರೆ. ಕಟ್ಟಾಳು ಇದ್ದ ಹಾಗೆ. ಅರ್ಥ ಪೂರ್ತಿ ಉಲ್ಟಾ. ಪದ ಕಟ್ಟುವವರಿಗೆ ಪೂರ್ವಪದದ ನೆನಪು ಇರಬೇಕು. ಮತ್ತೆ ಕಲಬುರಗಿಯವರು ಮೆಚ್ಚಿದ ‘ಆಣೆ’ ಇದೆಯಲ್ಲ, ಅದು ಆಜ್ಞಾದ ತದ್ಭವ. ಸಂಸ್ಕೃತ ಬಿಟ್ಟರೆ ನಿಮ್ಮ ಸಾಮಂತ ಆಣೆಯನ್ನೂ ಮಾಡಲಾರ.

ಅಂದಹಾಗೆ ಇಷ್ಟು ಹೊತ್ತು ಹಿಟ್ಟೈಟ್ ಮಾತಾಡಿದರೂ ಯಾರೂ ಉತ್ತರ ಸಿರಿಯಾದ ಮಿತಾನ್ನಿ ರಾಜ್ಯದ ಹೆಸರು ಎತ್ತಲಿಲ್ಲ. ಸುಪ್ಪಿಲುಲಿಯುಮ ಮಿತಾನ್ನಿಯ ಶತ್ತಿವಾಜನ ಜೊತೆ ಮಾಡಿದ ಒಪ್ಪಂದದಲ್ಲಿ ಸಾಕ್ಷಿ ದೇವತೆಗಳು ಯಾರು? ಮಿತ್ರ, ವರುಣ, ಇಂದ್ರ, ನಾಸತ್ಯ. ಕ್ರಿ.ಪೂ. 14ನೇ ಶತಮಾನ. ಆ ಕಾಲದಲ್ಲೇ ಸಂಸ್ಕೃತ ಅಷ್ಟು ದೂರ ಹೋಗಿತ್ತು. ನೀವು ಇಲ್ಲಿ ಕೂತು ಒಂದು ಸಾಮಂತನನ್ನು ಓಡಿಸಲು ಹೊರಟಿದ್ದೀರಿ.

ಕಲಬುರಗಿಯಿಂದ:

ಆ ದೇವರುಗಳು ಅಲ್ಲಿ ಇರುವುದು ನಿಜ. ಆದರೆ ಉದ್ದ ಪಟ್ಟಿಯ ನಡುವೆ ಎಲ್ಲೋ ಇದ್ದಾರೆ. ಹಿಟ್ಟೈಟರ ಬಿರುಗಾಳಿ ದೇವರು, ಹುರ್ರಿಯನ್ನರ ತೆಶುಬ್, ಬೆಟ್ಟ, ನದಿ, ಮೋಡ, ಎಲ್ಲರೂ ಸಾಕ್ಷಿಗಳೇ. ಮಿತಾನ್ನಿಯ ಜನ ಆಡುತ್ತಿದ್ದದ್ದು ಹುರ್ರಿಯನ್. ಇಂಡೋ-ಆರ್ಯನ್ ಅಲ್ಲಿ ಉಳಿದಿದ್ದದ್ದು ರಾಜರ ಹೆಸರಲ್ಲಿ, ದೇವರ ಹೆಸರಲ್ಲಿ, ಕುದುರೆ ಪಳಗಿಸುವವರ ಮಾತಿನಲ್ಲಿ. ಅದನ್ನು ಸಂಸ್ಕೃತ ಅನ್ನೋದೂ ಸರಿಯಲ್ಲ, ಅದರ ಹತ್ತಿರದ ನೆಂಟ ಅನ್ನಬಹುದು. ಇದರಿಂದ ಸಾಮಂತನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಎರವಲಿನ ವಿಷಯ ಬಂತಲ್ಲ, ಈ ಹಿಟ್ಟೈಟರನ್ನೇ ನೋಡಿ. ತಮ್ಮ ಭಾಷೆಯಲ್ಲಿ ರಾಜನಿಗೆ ‘ಹಸ್ಸು’ ಅನ್ನುತ್ತಿದ್ದರು. ಬರೆಯುವಾಗ ಮಾತ್ರ ಹೆಚ್ಚಾಗಿ ಸುಮೇರಿಯನ್ ಭಾಷೆಯ ‘ಲುಗಲ್’ ಚಿಹ್ನೆ ಹಾಕುತ್ತಿದ್ದರು. ಕಣ್ಣಿಗೆ ಸುಮೇರಿಯನ್, ಬಾಯಿಗೆ ಹಿಟ್ಟೈಟ್. ಸಿರಿಯಾದ ಸಾಮಂತರಿಗೆ ಬರೆಯುವಾಗ ಅಕ್ಕಾಡಿಯನ್, ಪಶ್ಚಿಮದವರಿಗೆ ಬರೆಯುವಾಗ ಹಿಟ್ಟೈಟ್. ದೇವರುಗಳನ್ನು ತಮಗಿಂತ ಮೊದಲೇ ಆ ನಾಡಿನಲ್ಲಿದ್ದ ಹತ್ತಿ ಜನರಿಂದಲೂ ತಂದರು, ಹುರ್ರಿಯನ್ನರಿಂದಲೂ ತಂದರು. ಪದ ಯಾರದು ಅಂತ ಅವರು ತಲೆ ಕೆಡಿಸಿಕೊಂಡ ಹಾಗೆ ಕಾಣುವುದಿಲ್ಲ. ಬಿರುದಿನ ವಿಷಯ ಬಂದಾಗ ಮಾತ್ರ ಭಯಂಕರ ಕಟ್ಟುನಿಟ್ಟು.

ಅದಕ್ಕೇ ‘ಮಹಾರಾಜ’ದ ಬಗ್ಗೆ ಒಂದು ಮಾತು. ಅವರಲ್ಲಿ ಮಹಾರಾಜ ಅಂದರೆ ತನ್ನ ಮೇಲೆ ಯಾರೂ ಇಲ್ಲದವನು, ಮತ್ತು ಹಾಗೆ ಅಂತ ಉಳಿದ ಮಹಾರಾಜರು ಒಪ್ಪಿದವನು. ಹತ್ತಿ, ಈಜಿಪ್ಟ್, ಬ್ಯಾಬಿಲೋನ್, ಮೊದಲು ಮಿತಾನ್ನಿ, ಆಮೇಲೆ ಅಸ್ಸೀರಿಯಾ. ಅವರು ಮಾತ್ರ ಒಬ್ಬರಿಗೊಬ್ಬರು ಅಣ್ಣತಮ್ಮ ಅಂತ ಬರೆಯಬಹುದು. ಅಸ್ಸೀರಿಯಾದ ರಾಜ ಹೊಸದಾಗಿ ಬಲಿತು ಅಣ್ಣತಮ್ಮ ಅನ್ನೋಕೆ ಬಂದಾಗ ಹತ್ತಿಯ ರಾಜ ಸಿಡಿದಿದ್ದ: ಯಾಕಪ್ಪಾ, ನೀನೂ ನಾನೂ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರಾ? ನಾಲ್ಕನೇ ತುಧಾಲಿಯ ಅನ್ನೋ ಹತ್ತಿಯ ರಾಜ ಅಮುರ್ರುವಿನ ಶೌಶ್ಗಮುವನಿಗೆ ಕೊಟ್ಟ ಕಟ್ಟಳೆಯಲ್ಲಿ ತನಗೆ ಸಮನಾದ ರಾಜರ ಪಟ್ಟಿ ಇದೆ. ಅದರಲ್ಲಿ ಅಹ್ಹಿಯಾವ (ಗ್ರೀಕರ ನಾಡು ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ) ರಾಜನ ಹೆಸರು ಬರೆದು ಆಮೇಲೆ ಅಳಿಸಿದ್ದಾರೆ. ಮಣ್ಣು ಒಣಗುವ ಮೊದಲು ಯಾರಿಗೋ ಮನಸ್ಸು ಬದಲಾಯಿತು! ಅದೇ ಹಲಗೆಯಲ್ಲಿ ಅಸ್ಸೀರಿಯಾ ವ್ಯಾಪಾರಿ ನಿನ್ನ ನಾಡಿಗೆ ಬರಕೂಡದು, ನಿನ್ನ ವ್ಯಾಪಾರಿ ಅಲ್ಲಿಗೆ ಹೋಗಕೂಡದು ಅಂತ ಆರ್ಥಿಕ ದಿಗ್ಬಂಧನವೂ ಇದೆ. ಹಾಗಾಗಿ ಮಹಾರಾಜ ಇರಲಿ, ಆದರೆ ಸಾಮಂತರ್ಯಾರಿಗೂ ಆ ಪದ ತಗುಲದಂತೆ ನೋಡಿಕೊಳ್ಳಿ.

ಧಾರವಾಡದಿಂದ:

ಹಿಟ್ಟೈಟರು ಎರವಲು ತಂದರು, ಸರಿ. ಅವರ ಭಾಷೆ ಈಗ ಎಲ್ಲಿದೆ? ಕ್ರಿ.ಪೂ. 1180ರ ಹೊತ್ತಿಗೆ ಹತ್ತುಸ ಹಾಳುಬಿತ್ತು, ಅದರ ಜೊತೆಗೆ ಭಾಷೆಯೂ ಹೋಯಿತು. ಉದಾಹರಣೆ ಕೊಡುವಾಗ ನೋಡಿ ಕೊಡಿ.

ಕಲಬುರಗಿಯಿಂದ:

ಎರವಲಿನಿಂದ ಸತ್ತಿತು ಅನ್ನೋದಕ್ಕೆ ಆಧಾರ ಕೊಡಿ, ಒಪ್ಪುತ್ತೇನೆ. ಊರು ಬಿಟ್ಟುಹೋದರು, ದರ್ಬಾರು ಮುಳುಗಿತು, ಆ ಲಿಪಿಯಲ್ಲಿ ಬರೆಯುವವರೇ ಇಲ್ಲವಾದರು. ಎರವಲಿಗೂ ಅದಕ್ಕೂ ಏನು ಸಂಬಂಧ?

ಮೈಸೂರಿನಿಂದ:

ಅವರಿಗೆ ಆಧಾರ ಬೇಕಾಗಿಲ್ಲ. ಅಚ್ಚಗನ್ನಡ ಇದ್ದರೆ ಸಾಕು.

ಶಿವಮೊಗ್ಗದಿಂದ:

ಸ್ವಾಮಿ, ಜಗಳ ಆಮೇಲೆ ಆಡಿಕೊಳ್ಳಿ. ಮುದ್ರಣಕ್ಕೆ ಇದನ್ನು ಕಳಿಸುತ್ತಿದ್ದೇನೆ, ತಪ್ಪಿದ್ದರೆ ಈಗಲೇ ಹೇಳಿ:

“ಹತ್ತುಸದ ಮಹಾರಾಜನ ಕೈಕೆಳಗೆ ಅಮುರ್ರು, ಉಗಾರಿತ್, ವಿಲುಸ ಮೊದಲಾದ ನಾಡುಗಳ ಸಾಮಂತ ರಾಜರಿದ್ದರು. ಪ್ರತಿಯೊಬ್ಬನಿಗೂ ಮಹಾರಾಜ ಒಂದು ಕಟ್ಟಳೆ ಬರೆಸಿಕೊಡುತ್ತಿದ್ದ. ಅದಕ್ಕೆ ಸಾಮಂತ ದೇವರ ಮುಂದೆ ಆಣೆ ಮಾಡಬೇಕಿತ್ತು. ಯುದ್ಧಕ್ಕೆ ದಂಡು ಕಳಿಸಬೇಕು, ಓಡಿಬಂದವರನ್ನು ಒಪ್ಪಿಸಬೇಕು, ಬೇರೆ ಮಹಾರಾಜರ ಜೊತೆ ಸಂಬಂಧ ಇಟ್ಟುಕೊಳ್ಳಬಾರದು. ಅಮುರ್ರು ವರ್ಷಕ್ಕೆ 300 ಶೆಕೆಲ್ ಚಿನ್ನ ಕಪ್ಪ ಕೊಡುತ್ತಿತ್ತು. ವಿಲುಸದ ರಾಜ ತನ್ನ ಕಟ್ಟಳೆಯನ್ನು ವರ್ಷಕ್ಕೆ ಮೂರು ಸಲ ಓದಿಸಿ ಕೇಳಬೇಕಿತ್ತು. ಕಾರ್ಕೆಮಿಶ್‌ನಲ್ಲಿ ಮಹಾರಾಜನ ಮಗನ ವಂಶದವರೇ ರಾಜರಾಗಿದ್ದು ಸಿರಿಯಾದ ಸಾಮಂತರ ಮೇಲೆ ಕಣ್ಣಿಟ್ಟಿದ್ದರು.”

ತಲೆಬರಹಕ್ಕೆ ‘ಹಿಟ್ಟೈಟರು (ಹಿತ್ತಿಯರು)’ ಅಂತ ಎರಡೂ ಹಾಕಿದ್ದೇನೆ.

ಧಾರವಾಡದಿಂದ:

‘ಸಂಬಂಧ’ದ ಬದಲು ನಂಟು ಅನ್ನಬಹುದಿತ್ತು.

ಮೈಸೂರಿನಿಂದ:

ನಂಟು ಅಂದರೆ ನೆಂಟಸ್ತಿಕೆ ಅಂತಾಗುತ್ತದೆ. ಹಾಗೇ ಬಿಡಿ.

ಮಂಗಳೂರಿನಿಂದ:

ಚೆನ್ನಾಗಿದೆ. ಒಂದೇ ಒಂದು ಎಚ್ಚರಿಕೆ. ಫ್ಲೆಕ್ಸ್ ಮಾಡುವವರು ಯೂನಿಕೋಡಿನಿಂದ ಅವರ ಫಾಂಟಿಗೆ ಬದಲಿಸುವಾಗ ‘ಅಮುರ್ರು’ವಿನ ಒತ್ತು ಬಿದ್ದುಹೋಗಿ ‘ಅಮುರು’ ಆಗುವ ಸಾಧ್ಯತೆ ಜಾಸ್ತಿ. ಕಾರ್ಕೆಮಿಶ್‌ನ ‘ಶ್’ ಮುಂದೆ ‘ನ’ ಕೂಡಿಕೊಳ್ಳದಂತೆಯೂ ನೋಡಿಕೊಳ್ಳಿ. ಮುದ್ರಣಕ್ಕೆ ಮುಂಚೆ ಒಂದು ಪ್ರೂಫ್ ತರಿಸಿಕೊಂಡು ಓದಿಬಿಡಿ.